ತಮ್ಮನಿಗೆ, ಸ್ಟ್ಯಾಕ್ ಬಗ್ಗೆ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಅಪ್ಪ ಅಮ್ಮನ ಆರೋಗ್ಯದ ಬಗ್ಗೆ ಬರೆ. ಪ್ರೋಗ್ರಾಮಿಂಗ್ ಇಂಟರ್‌ವ್ಯೂನಲ್ಲಿ ಸ್ಟ್ಯಾಕ್ (ತಟ್ಟೆಗಳ ರಾಶಿಯಂತೆ ಒಂದರ ಮೇಲೊಂದು ಡೇಟಾ ಇಡುವ ವಿಧಾನ) ಪ್ರಶ್ನೆಗಳನ್ನು ಬಿಡಿಸುವುದು ಹೇಗೆ ಎಂದು ನೀನು ಕೇಳಿದ್ದನ್ನು ಫೋನಿನಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ, ಪೆನ್ನು ಹಿಡಿದು ಒಂದೊಂದೇ ಹೆಜ್ಜೆ ಬರೆದು ನೋಡಬೇಕು. ಅದಕ್ಕೇ ಈ ಪತ್ರ.

ಪುಷ್ (ಮೇಲೆ ಹಾಕುವುದು), ಪಾಪ್ (ಮೇಲಿನದನ್ನು ತೆಗೆಯುವುದು), ಪೀಕ್ (ಮೇಲಿನದನ್ನು ತೆಗೆಯದೆ ನೋಡುವುದು) ಕಲಿಯಲು ಹತ್ತು ನಿಮಿಷ ಸಾಕು. ಕೊನೆಗೆ ಹಾಕಿದ್ದು ಮೊದಲು ಹೊರಗೆ, ಅಷ್ಟೆ. ಆದರೆ ಇಂಟರ್‌ವ್ಯೂ ಪ್ರಶ್ನೆಯಲ್ಲಿ ಸ್ಟ್ಯಾಕ್ ಎಂಬ ಪದವೇ ಸಾಮಾನ್ಯವಾಗಿ ಇರುವುದಿಲ್ಲ. ಗುರುತು ಹಿಡಿಯುವುದು ಹೀಗೆ: ಎಡದಿಂದ ಬಲಕ್ಕೆ ಓದುತ್ತಾ ಹೋದಾಗ ಕೆಲವಕ್ಕೆ ಉತ್ತರ ಆಗಲೇ ಸಿಗದೆ ಬಾಕಿ ಉಳಿಯುತ್ತದೆಯೇ? ಆ ಬಾಕಿಗಳಲ್ಲಿ ತೀರಾ ಈಚಿನದೇ ಮೊದಲು ತೀರುತ್ತದೆಯೇ? ಎರಡಕ್ಕೂ ಹೌದಾದರೆ ಸ್ಟ್ಯಾಕ್. ಕೋಡ್ ಮುಟ್ಟುವ ಮೊದಲು ಒಂದು ಸಾಲು ಬರೆದುಕೊ: ಸ್ಟ್ಯಾಕ್‌ನಲ್ಲಿ ಯಾವ ಬಾಕಿ ಇಡುತ್ತೇನೆ, ಅದು ಯಾವಾಗ ತೀರುತ್ತದೆ. ಈ ಸಾಲು ಬರೆಯಲಾಗದಿದ್ದರೆ ಕೋಡ್ ಬರೆಯುವುದೂ ಆಗದು.

ಆವರಣ ಚಿಹ್ನೆಗಳು ಸರಿಯಾಗಿ ಮುಚ್ಚಿವೆಯೇ ಎಂಬ ಲೆಕ್ಕದಿಂದ ಶುರು ಮಾಡು. ತೆರೆದದ್ದು ಎಷ್ಟು, ಮುಚ್ಚಿದ್ದು ಎಷ್ಟು ಎಂದು ಎಣಿಸಿದರೆ ಸಾಲದು. ([)] ಎಂಬುದರಲ್ಲಿ ಎಣಿಕೆ ಸರಿ, ಜೋಡಿ ತಪ್ಪು. ತೆರೆಯುವ ಚಿಹ್ನೆಯನ್ನು ಪುಷ್ ಮಾಡು, ಮುಚ್ಚುವುದು ಬಂದಾಗ ಮೇಲಿರುವುದನ್ನು ಪಾಪ್ ಮಾಡಿ ಜೋಡಿ ನೋಡು. ಇದು ಕೆಡುವುದು ಮೂರು ಕಡೆ: ಸ್ಟ್ಯಾಕ್ ಖಾಲಿ ಇರುವಾಗ ಮುಚ್ಚುವ ಚಿಹ್ನೆ ಬರುವುದು, ಮೇಲಿರುವುದು ಬೇರೆ ಜಾತಿಯದಾಗಿರುವುದು, ಎಲ್ಲ ಓದಿ ಮುಗಿದರೂ ಒಳಗೆ ಏನಾದರೂ ಉಳಿಯುವುದು. ಮೂರನೆಯದನ್ನೇ ಜನ ಹೆಚ್ಚಾಗಿ ಮರೆಯುವುದು.

ಪೋಸ್ಟ್‌ಫಿಕ್ಸ್ ಲೆಕ್ಕದಲ್ಲಿ, ಅಂದರೆ ಸಂಖ್ಯೆಗಳ ನಂತರ ಚಿಹ್ನೆ ಬರೆಯುವ ಕ್ರಮದಲ್ಲಿ, ಮೊದಲು ಪಾಪ್ ಆಗುವುದು ಬಲಬದಿಯ ಸಂಖ್ಯೆ. 8 3 - ಎಂದರೆ ಮೊದಲು 3, ಆಮೇಲೆ 8 ಹೊರಬರುತ್ತದೆ. ಉತ್ತರ 5, -5 ಅಲ್ಲ. ಭಾಗಾಕಾರದಲ್ಲಿ ಇನ್ನೊಂದು ಗುಂಡಿ ಇದೆ. ದಶಮಾಂಶ ಭಾಗವನ್ನು ಸುಮ್ಮನೆ ಕತ್ತರಿಸು ಎಂದು ಪ್ರಶ್ನೆ ಹೇಳಿದರೆ -7 ಭಾಗಿಸು 2 ಎಂದರೆ -3 ಬರಬೇಕು. ಪೈಥಾನ್‌ನ // ಕೊಡುವುದು -4.

ಈಗ ಮುಖ್ಯವಾದದ್ದು, ಮೊನೊಟೋನಿಕ್ ಸ್ಟ್ಯಾಕ್, ಅಂದರೆ ಒಳಗಿನ ಸಂಖ್ಯೆಗಳು ಸದಾ ಏರಿಕೆಯಲ್ಲೋ ಇಳಿಕೆಯಲ್ಲೋ ಇರುವ ಸ್ಟ್ಯಾಕ್. ಕಷ್ಟದ ಪ್ರಶ್ನೆಗಳು ಬಹಳಷ್ಟು ಇಲ್ಲಿಂದಲೇ ಹುಟ್ಟುತ್ತವೆ. ದಿನದ ತಾಪಮಾನ 30, 28, 27, 29, 32 ಎಂದಿಟ್ಟುಕೊ. ಪ್ರತಿ ದಿನಕ್ಕೂ, ಅದಕ್ಕಿಂತ ಬಿಸಿಯಾದ ಮುಂದಿನ ಮೊದಲ ದಿನ ಎಷ್ಟು ದಿನಗಳಾಚೆ ಇದೆ ಹೇಳಬೇಕು. ಬಾಕಿ ಎಂದರೆ ಇನ್ನೂ ಬಿಸಿ ದಿನ ಕಾಣದವು. ಅವುಗಳ ಬೆಲೆಯನ್ನಲ್ಲ (ಇಲ್ಲಿ ತಾಪಮಾನ), ಇಂಡೆಕ್ಸ್ ಇಡು, ಅಂದರೆ 0ಯಿಂದ ಎಣಿಸಿದ ಸ್ಥಾನದ ಸಂಖ್ಯೆ. ದೂರ ಬೇಕಾದಾಗ ಬೆಲೆ ಕೈಕೊಡುತ್ತದೆ, ಇಂಡೆಕ್ಸ್ ಇದ್ದರೆ ಬೆಲೆ ಅರೇಯಲ್ಲೇ (ಮೂಲ ಪಟ್ಟಿಯಲ್ಲೇ) ಸಿಗುತ್ತದೆ. 0, 1, 2 ಒಳಗೆ ಹೋಗುತ್ತವೆ. 3ನೇ ಇಂಡೆಕ್ಸ್‌ನ 29 ಬಂದಾಗ 2 ಹೊರಗೆ, ಉತ್ತರ 1. ನಂತರ 1 ಹೊರಗೆ, ಉತ್ತರ 2. ಕೆಳಗಿನ 30 ದೊಡ್ಡದು, ನಿಲ್ಲು, 3 ಅನ್ನು ಪುಷ್ ಮಾಡು. 32 ಬಂದಾಗ 3ಕ್ಕೆ ಉತ್ತರ 1, 0ಕ್ಕೆ 4. ಕೊನೆಗೆ ಉಳಿಯುವ 4ನೇ ಇಂಡೆಕ್ಸ್‌ಗೆ 0. ಒಟ್ಟು: 4, 2, 1, 1, 0.

ಲೂಪಿನೊಳಗೆ ಲೂಪ್ ಇದೆಯಲ್ಲ, ಎನ್ ಅಂಶಗಳಿಗೆ ಕೆಲಸ ಎನ್ ಸ್ಕ್ವೇರ್ ಅಲ್ಲವೇ ಎಂದು ಇಂಟರ್‌ವ್ಯೂ ಮಾಡುವವರು ಕೇಳೇ ಕೇಳುತ್ತಾರೆ. ಪ್ರತಿ ಇಂಡೆಕ್ಸ್ ಒಂದೇ ಸಲ ಒಳಹೋಗುತ್ತದೆ, ಹೆಚ್ಚೆಂದರೆ ಒಂದು ಸಲ ಹೊರಬರುತ್ತದೆ. ಒಟ್ಟು ಕೆಲಸ 2ಎನ್ ದಾಟುವುದಿಲ್ಲ ಎಂದು ಹೇಳು.

ಹಿಸ್ಟೋಗ್ರಾಂನಲ್ಲಿ (ಪಕ್ಕಪಕ್ಕ ನಿಂತ ಕಂಬಗಳ ಚಿತ್ರ) ಅತಿ ದೊಡ್ಡ ಆಯತ ಹುಡುಕುವುದೂ ಇದೇ ಉಪಾಯ, ಇಲ್ಲಿ ಬಾಕಿ ತೀರುವುದು ಗಿಡ್ಡ ಕಂಬ ಬಂದಾಗ. ಆದರೆ ಅಗಲದಲ್ಲಿ ಎಡವುತ್ತಾರೆ. ಎತ್ತರ 1, 5, 4 ಇರಲಿ. ಕೊನೆಗೆ 0 ಸೇರಿಸು, ಬಾಕಿ ಎಲ್ಲ ತಾನಾಗಿ ತೀರುತ್ತದೆ. 4 ಎತ್ತರದ ಕಂಬವನ್ನು 3ನೇ ಇಂಡೆಕ್ಸ್‌ನಲ್ಲಿ ಪಾಪ್ ಮಾಡಿದಾಗ ಅಗಲ 3-2=1 ಎಂದು ಬರೆದರೆ ತಪ್ಪು. ಪಾಪ್ ಆದ ಮೇಲೆ ತುದಿಯಲ್ಲಿ ಕಾಣುವ ಇಂಡೆಕ್ಸ್ 0, ಅದರಿಂದ ಅಗಲ 3-0-1=2, ವಿಸ್ತೀರ್ಣ 8. ಅದಕ್ಕೆ ಮೊದಲೇ ಹೊರಹೋದ 5ರ ಕಂಬದ ಮೇಲೂ ಈ ಆಯತ ಹರಡುತ್ತದಲ್ಲ, ಅದಕ್ಕೇ ಹೀಗೆ. ಸ್ಟ್ಯಾಕ್ ಖಾಲಿಯಾದರೆ ಅಗಲ ಈಗಿನ ಇಂಡೆಕ್ಸ್ ಅಷ್ಟೇ.

ಕನಿಷ್ಠ ಬೆಲೆಯನ್ನೂ ಸ್ಥಿರ ಸಮಯದಲ್ಲಿ (ಅಂಶಗಳು ಎಷ್ಟೇ ಇದ್ದರೂ ಅಷ್ಟೇ ಸಮಯದಲ್ಲಿ) ಕೊಡುವ ಸ್ಟ್ಯಾಕ್ ಕೇಳಿದರೆ ಕನಿಷ್ಠಗಳಿಗೆಂದೇ ಎರಡನೇ ಸ್ಟ್ಯಾಕ್ ಇಡು. ಹೊಸ ಬೆಲೆ ಈಗಿನ ಕನಿಷ್ಠಕ್ಕಿಂತ ಕಡಿಮೆ ಇದ್ದಾಗ ಮಾತ್ರವಲ್ಲ, ಸಮ ಇದ್ದಾಗಲೂ ಅದರಲ್ಲಿ ಹಾಕಬೇಕು; ಪಾಪ್ ಆದ ಬೆಲೆ ಅದರ ತುದಿಗೆ ಸಮ ಇದ್ದರೆ ಅಲ್ಲಿಂದಲೂ ತೆಗೆಯಬೇಕು. ಇಲ್ಲದಿದ್ದರೆ 2, 2 ಹಾಕಿ ಒಂದನ್ನು ತೆಗೆದೊಡನೆ ಕನಿಷ್ಠವೇ ಮಾಯ. ಜಾವಾದಲ್ಲಿ ಇಂಟಿಜರ್ ಆಬ್ಜೆಕ್ಟ್‌ಗಳನ್ನು == ಹಾಕಿ ಹೋಲಿಸಬೇಡ, ಈಕ್ವಲ್ಸ್ ಬಳಸು; -128ರಿಂದ 127ರವರೆಗೆ ಸರಿ ಕಂಡು, ಆಚೆ ಕೈಕೊಡುತ್ತದೆ. ಹಾಗೇ ಜಾವಾದ ಹಳೆಯ ಸ್ಟ್ಯಾಕ್ ಕ್ಲಾಸ್ ಬದಲು ಅರೇಡೆಕ್ (ArrayDeque) ಕ್ಲಾಸ್ ತೆಗೆದುಕೊ. ಪೈಥಾನ್‌ನಲ್ಲಿ ಲಿಸ್ಟ್ ಸಾಕು, ಅಪೆಂಡ್ ಮತ್ತು ಪಾಪ್. ಪಾಪ್(0) ಬೇಡ, ಅದು ಉಳಿದವನ್ನೆಲ್ಲ ಸರಿಸುತ್ತದೆ. ಸಿ++ನಲ್ಲಿ ಪಾಪ್ ಏನನ್ನೂ ಹಿಂತಿರುಗಿಸುವುದಿಲ್ಲ, ಮೊದಲು ಟಾಪ್ ಓದಿಕೊ.

ನಾನು ಬರೆದ ಕ್ರಮದಲ್ಲೇ ಮಾಡು, ಹಿಸ್ಟೋಗ್ರಾಂ ಮಾತ್ರ ಕೊನೆಗಿರಲಿ. ಖಾಲಿ ಅರೇ, ಒಂದೇ ಅಂಶ, ಎಲ್ಲ ಸಮ, ಏರುತ್ತಾ ಹೋಗುವುದು, ಇಳಿಯುತ್ತಾ ಹೋಗುವುದು, ಈ ಐದನ್ನೂ ಕಾಗದದ ಮೇಲೆ ಓಡಿಸಿ ನೋಡಿ ಆಮೇಲೆ ಕೋಡ್ ಕಳಿಸು, ನೋಡುತ್ತೇನೆ.

ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಅಕ್ಕ