ಲಿಂಬೆಹಣ್ಣಿನ ರಸ ಕುಡಿಸಲಾ ಅಂತ ಕೇಳಿದ ಮಗಳಿಗೆ

ಪುಟ್ಟಿ,

ಶನಿವಾರ ರಾತ್ರಿ ಒಂದೂವರೆಗೆ ನಿನ್ನ ಫೋನ್ ಬಂದಾಗ ಎದೆ ಧಸಕ್ ಅಂದಿತು. "ಅಮ್ಮಾ, ರೂಮ್‌ಮೇಟ್ ಕುಡಿದು ಫುಲ್ ಔಟ್ ಆಗಿದ್ದಾಳೆ, ಲಿಂಬೆಹಣ್ಣಿನ ರಸ ಕುಡಿಸಲಾ?" ಅಂತ ಪಿಸುಗುಟ್ಟಿದೆ. ಏನೂ ಕುಡಿಸಬೇಡ, ಮಗ್ಗುಲಿಗೆ ತಿರುಗಿಸಿ ಮಲಗಿಸು ಅನ್ನುವಷ್ಟರಲ್ಲಿ ವಾರ್ಡನ್ ಬಂದರು ಅಂತ ಫೋನ್ ಇಟ್ಟೆ. ಬೆಳಗ್ಗೆ 'ಸರಿ ಇದ್ದಾಳೆ' ಅಂತ ಮೆಸೇಜ್ ಬರುವವರೆಗೂ ನನಗೆ ನಿದ್ದೆ ಇಲ್ಲ.

ನೀನು ಫೋನ್ ಮಾಡಿದ್ದು ತುಂಬಾ ಒಳ್ಳೆಯದಾಯಿತು. ಅವತ್ತು ಅರ್ಧಕ್ಕೆ ನಿಂತ ಮಾತನ್ನು ಈಗ ಹೇಳುತ್ತೇನೆ.

ನೀನು ಹೈಸ್ಕೂಲಿನಲ್ಲಿದ್ದಾಗ ನನಗೆ ಕ್ಯಾಶುವಾಲ್ಟಿಯಲ್ಲಿ ನೈಟ್ ಡ್ಯೂಟಿ ಇರುತ್ತಿತ್ತಲ್ಲ, ಆಗಿನ ಮಾತು. ಬೆಳಗಿನ ಜಾವ ಮೂವರು ಹುಡುಗರು ಆಟೋದಲ್ಲಿ ಗೆಳೆಯನನ್ನು ತಂದರು. ಅವನದೇ ಹುಟ್ಟುಹಬ್ಬ. ಕೆನ್ನೆ ಮೇಲೆ ಕೇಕಿನ ಕ್ರೀಮ್ ಒಣಗಿ ಅಂಟಿಕೊಂಡಿತ್ತು. ತುಟಿ ನೀಲಿಯಾಗಿತ್ತು. ರಾತ್ರಿ 12ಕ್ಕೇ ಎಚ್ಚರ ತಪ್ಪಿದ್ದನಂತೆ. "ಮಲಗಿದ್ರೆ ಸರಿಹೋಗ್ತಾನೆ ಅನ್ಕೊಂಡ್ವಿ ಸಿಸ್ಟರ್" ಅಂದರು. ಅಂಗಾತ ಮಲಗಿಸಿ, ಹೊದಿಸಿ, ಲೈಟ್ ಆರಿಸಿದ್ದರು. ವಾಂತಿ ಉಸಿರಿನ ಕೊಳವೆಗೆ ಹೋಗಿತ್ತು. ಅವನು ಉಳಿಯಲಿಲ್ಲ.

ಆ ಮೂವರೂ ಕೆಟ್ಟವರಲ್ಲ, ಪುಟ್ಟಿ. ಮನೆಯಲ್ಲಿ ಗೊತ್ತಾಗುತ್ತೆ, ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿದ್ದರು. ಆ ಹೆದರಿಕೆಯಲ್ಲೇ 4 ತಾಸು ಹೋಯಿತು. ಒಬ್ಬ ಹುಡುಗ ಬೆಂಚಿನ ಮೇಲೆ ಕೂತು ಅವನ ಚಪ್ಪಲಿಯನ್ನು ಎದೆಗೆ ಒತ್ತಿಕೊಂಡಿದ್ದ. ಅದು ನನಗೆ ಇವತ್ತಿಗೂ ಮರೆಯೋಕಾಗಿಲ್ಲ.

ನಮ್ಮ ಲಿವರ್ ತಾಸಿಗೆ ಹೆಚ್ಚೆಂದರೆ 30 ಎಂಎಲ್‌ನ ಒಂದು ಪೆಗ್‌ನಷ್ಟನ್ನು ಕರಗಿಸುತ್ತೆ. ಅರ್ಧ ತಾಸಿನಲ್ಲಿ 4 ಶಾಟ್ಸ್ ಹಾಕಿದರೆ ಮಿಕ್ಕಿದ್ದೆಲ್ಲ ರಕ್ತದಲ್ಲೇ ಇರುತ್ತೆ. ಲಿಂಬೆ, ಮಜ್ಜಿಗೆ, ಕಾಫಿ, ತಲೆಗೆ ತಣ್ಣೀರು, ಯಾವುದರಿಂದಲೂ ಅದು ಬೇಗ ಇಳಿಯಲ್ಲ. ಗ್ಲಾಸ್ ಕೆಳಗಿಟ್ಟ ಮೇಲೂ ಹೊಟ್ಟೆಯಲ್ಲಿದ್ದದ್ದು ರಕ್ತಕ್ಕೆ ಏರುತ್ತಲೇ ಇರುತ್ತೆ. ಪಬ್‌ನಿಂದ ತಾನೇ ನಡೆದು ಬಂದವಳು ಕ್ಯಾಬ್‌ನಲ್ಲಿ ಕುಸಿಯೋದು ಇದಕ್ಕೇ. ಹೆಣ್ಣುಮಕ್ಕಳ ಮೈಯಲ್ಲಿ ನೀರಿನಂಶ ಕಡಿಮೆ. ಅಷ್ಟೇ ಕುಡಿದರೂ ಗಂಡಸರಿಗಿಂತ ಜಾಸ್ತಿ ಏರುತ್ತೆ. ಯಾರ ಸಮಕ್ಕೂ ಪಂದ್ಯಕ್ಕೆ ಬೀಳಬೇಡ.

ಮತ್ತೆ ಹೀಗಾದರೆ ಅವಳನ್ನು ಒಬ್ಬಳೇ ಬಿಡಬೇಡ. ಮಗ್ಗುಲಿಗೆ ಮಲಗಿಸಿ ಪಕ್ಕದಲ್ಲೇ ಕೂತು ಉಸಿರು ನೋಡುತ್ತಿರು. ಜೋರಾಗಿ ಅಲುಗಾಡಿಸಿದರೂ ಏಳದಿದ್ದರೆ, ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ 10 ಸೆಕೆಂಡ್ ಆದರೆ, ಮೈ ತಣ್ಣಗಾಗಿದ್ದರೆ, ತುಟಿ ನೀಲಿಗಟ್ಟಿದರೆ 108ಕ್ಕೆ ಫೋನ್ ಮಾಡು. ಆಮೇಲೆ ನನಗೆ. ವಾರ್ಡನ್ ಬೈದರೆ ಬೈಯಲಿ.

ಕೋರಮಂಗಲದ ಪಾರ್ಟಿಗಳಲ್ಲಿ ಮಾತ್ರೆ, ಪುಡಿ ಸಿಗುತ್ತೆ ಅಂತ ನೀನೇ ಒಂದು ಸಲ ಹೇಳಿದ್ದೆ. ಎಂಡಿಎಂಎ ಅನ್ನೋ ಮಾದಕ ವಸ್ತು ಅಂತ ಕೊಟ್ಟಿದ್ದರಲ್ಲಿ ಏನಿದೆ ಅಂತ ಕೊಟ್ಟವನಿಗೂ ಗೊತ್ತಿರಲ್ಲ. ಅದು ಮೈ ಬಿಸಿ ಏರಿಸುತ್ತೆ. ಜನ ತುಂಬಿದ ಜಾಗದಲ್ಲಿ ಕುಣಿದರೆ ಇನ್ನೂ ಏರುತ್ತೆ. ಹೆದರಿ ಒಂದೇ ಸಮನೆ ಬಾಟಲಿಗಟ್ಟಲೆ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ನಿದ್ದೆ ಮಾತ್ರೆ ಜೊತೆ ಕುಡಿದರಂತೂ ಉಸಿರೇ ನಿಧಾನವಾಗುತ್ತೆ. ಯಾರೇ ಆಸ್ಪತ್ರೆಗೆ ಹೋದರೂ ಏನು ತಗೊಂಡರು ಅಂತ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ನಾವು ನರ್ಸ್‌ಗಳು ಬೈಯಬಹುದು, ಆದರೆ ನಿಜ ಗೊತ್ತಾದರೆ ಸರಿಯಾದ ಚಿಕಿತ್ಸೆ ಸಿಗುತ್ತೆ. "ಸ್ವಲ್ಪ ನಿನ್ನ ಬ್ಯಾಗಲ್ಲಿ ಇಟ್ಕೋ" ಅಂತ ಯಾರಾದರೂ ಪೊಟ್ಟಣ ಕೊಟ್ಟರೆ ಮುಟ್ಟಬೇಡ. ಮಾದಕ ವಸ್ತು ತಡೆಯೋ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಇಟ್ಟುಕೊಳ್ಳೋದೂ ಅಪರಾಧವೇ.

ಕುಡಿಯೋದು ನನಗೆ ಇಷ್ಟವಿಲ್ಲ. ಅದು ನಿನಗೆ ಗೊತ್ತು. ಆದರೆ ನನಗೆ ಇಷ್ಟವಿಲ್ಲ ಅನ್ನೋ ಕಾರಣಕ್ಕೆ ಯಾವತ್ತಾದರೂ ನೀನು ನನಗೆ ಫೋನ್ ಮಾಡೋಕೆ ಹಿಂಜರಿದರೆ ಅನ್ನೋದೇ ನನ್ನ ಭಯ.

ನಿನ್ನ ರೂಮ್‌ಮೇಟ್ ಊಟ ಮಾಡ್ತಿದ್ದಾಳಾ? ಕೆಲಸ ಹೋದಾಗಿನಿಂದ ವಾರಕ್ಕೆ ಮೂರು ರಾತ್ರಿ ಹೀಗೇ ಅಂತ ನಿನ್ನೆ ಅಂದೆಯಲ್ಲ, ಅದು ಪಾರ್ಟಿ ಅಲ್ಲ ಅನಿಸುತ್ತೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಕುಡಿತ ಬಿಡಿಸೋದಕ್ಕೇ ಬೇರೆ ವಿಭಾಗ ಇದೆ. ಅಲ್ಲಿಗೆ ಹೋಗೋಕೆ ನಾಚಿಕೆಯಾದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಲಿ, ಕನ್ನಡದಲ್ಲೇ ಮಾತಾಡಬಹುದು. ಒತ್ತಾಯ ಮಾಡಬೇಡ, ಸುಮ್ನೆ ಪಕ್ಕದಲ್ಲಿ ಕೂತು ಕೇಳು. ಒಪ್ಪಿದರೆ ನನಗೆ ತಿಳಿಸು. ಒಂದು ದಿನ ರಜೆ ಹಾಕಿ ದಾವಣಗೆರೆಯಿಂದ ರಾತ್ರಿ ಬಸ್ಸಿಗೆ ಬರುತ್ತೇನೆ, ಮೂವರೂ ಒಟ್ಟಿಗೆ ಹೋಗೋಣ.

ಅಮ್ಮ