ದಣಿದ ತಂಡವನ್ನು ಮುನ್ನಡೆಸುವ ಹೊಣೆ

ಮಾನ್ಯರೇ,

ವಿಶ್ವ ಆರೋಗ್ಯ ಸಂಸ್ಥೆ 2020ರ ಜನವರಿ 30ರಂದು ಘೋಷಿಸಿದ ಕೋವಿಡ್ ತುರ್ತುಸ್ಥಿತಿ ಕೊನೆಗೊಂಡದ್ದು 2023ರ ಮೇ 5ರಂದು. ಇಷ್ಟು ದೀರ್ಘಕಾಲದ ಸಂಕಟದಲ್ಲಿ ಮೊದಲ ವಾರಗಳ ಹುರುಪನ್ನೇ ನೆಚ್ಚಿಕೊಂಡು ಆಸ್ಪತ್ರೆಯ ತಂಡವನ್ನು ನಡೆಸಲಾಗದು.

ಪಾಳಿ ಬದಲಾಗುವಾಗ ಎಲ್ಲರನ್ನೂ ಹತ್ತು ನಿಮಿಷ ಒಟ್ಟುಗೂಡಿಸಿ, ಆಮ್ಲಜನಕ ಎಷ್ಟಿದೆ, ರಕ್ಷಣಾ ಕವಚಗಳು ಎಷ್ಟು ದಿನಕ್ಕೆ ಸಾಲುತ್ತವೆ, ನಿನ್ನೆಯ ನಿಯಮ ಇಂದು ಏಕೆ ಬದಲಾಯಿತು ಎಂಬುದನ್ನು ಮರೆಮಾಚದೆ ತಿಳಿಸುವ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳುವ ಮುಖ್ಯಸ್ಥರನ್ನು ಸಿಬ್ಬಂದಿ ನಂಬುತ್ತಾರೆ. ಆ ಸಭೆಯಲ್ಲಿ ಸ್ವಚ್ಛತಾ ಸಿಬ್ಬಂದಿಗೂ ಮಾತನಾಡುವ ಅವಕಾಶವಿರಲೇಬೇಕು. ಕೈಗವಸು ಮುಗಿಯುತ್ತಾ ಬಂದಿರುವುದು, ತ್ಯಾಜ್ಯದ ಚೀಲಗಳು ಕಾರಿಡಾರಿನಲ್ಲೇ ಉಳಿದಿರುವುದು ಎಷ್ಟೋ ಸಲ ಮೊದಲು ಅವರ ಕಣ್ಣಿಗೇ ಬೀಳುತ್ತದೆ.

ದಣಿವನ್ನು ವ್ಯಕ್ತಿಯ ದೌರ್ಬಲ್ಯವೆಂದು ಕಾಣುವ ರೂಢಿ ನನಗೆ ತೀರಾ ನೋವಿನ ಸಂಗತಿ. ‘ಬರ್ನ್‌ಔಟ್’, ಅಂದರೆ ಕೆಲಸದಿಂದ ಪೂರ್ತಿ ಬಳಲಿಹೋಗುವ ಸ್ಥಿತಿ, ಸರಿಯಾಗಿ ನಿಭಾಯಿಸದೆ ಬಿಟ್ಟ, ದೀರ್ಘಕಾಲದ ಕೆಲಸದ ಒತ್ತಡದ ಫಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಸ್ಪಷ್ಟಪಡಿಸಿದೆ. ಹಾಗಿರುವಾಗ ದಾದಿಯರನ್ನು ವೇದಿಕೆಯಲ್ಲಿ ಸನ್ಮಾನಿಸಿ, ಮರುದಿನ ಅವರ ವಾರದ ರಜೆಯನ್ನು ಕಿತ್ತುಕೊಳ್ಳುವುದು ಅನ್ಯಾಯ. ಬದಲಿ ಸಿಬ್ಬಂದಿ, ತಪ್ಪದ ವಿಶ್ರಾಂತಿ, ಗೋಪ್ಯತೆ ಕಾಪಾಡುವ ಆಪ್ತಸಮಾಲೋಚನೆ ಇವಿಷ್ಟಕ್ಕೆ ಆಡಳಿತ ಮಂಡಳಿಗಳು ಮುಂದಿನ ಸೋಂಕಿನವರೆಗೆ ಕಾಯದೆ ಈಗಲೇ ಹಣ ತೆಗೆದಿರಿಸಬೇಕೆಂದು ಒತ್ತಾಯಿಸುತ್ತೇನೆ.