ಕೆಂಪು ಕಾರ್ಡಿಗೂ ಒಂದು ಅಳತೆ ಇದೆ

ಸಂಪಾದಕರಿಗೆ ನಮಸ್ಕಾರ.

ಮೈದಾನದಲ್ಲಿ ಹೊಲಸು ಬೈಯುವ ಪ್ರೇಕ್ಷಕನಿಗೆ ಶಿಕ್ಷೆ ಆಗಬೇಕಾ? ಆಗಲೇಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಪತ್ರ ಅರ್ಧ ಓದಿ 'ಮಾಸ್ತರು ಪುಂಡರ ಪರ ವಕಾಲತ್ತು ಹಿಡಿದಾರ' ಅನ್ನುವವರು ನಮ್ಮಲ್ಲಿ ಕಮ್ಮಿ ಇಲ್ಲ. ನನ್ನ ತಕರಾರು ಬೇರೆ. ಶಿಕ್ಷೆ ಕೊಡುವವರು ಯಾರು, ಎಷ್ಟು ಕೊಡಬೇಕು, ಯಾವಾಗ ಸಾಕು ಅನ್ನಬೇಕು, ಇಷ್ಟೇ.

ಈಚೆಗೆ ಬೀದರ್ ಜಿಲ್ಲೆಯ ಒಂದು ಊರಿನಲ್ಲಿ ಫುಟ್ಬಾಲ್ ಟೂರ್ನಿ ನಡೆಯಿತು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾನು ಯಾವುದನ್ನು ಬೈಯುತ್ತಿದ್ದೇನೋ ಅದನ್ನೇ ಮಾಡಿದ ಹಾಗಾಗುತ್ತದೆ. ನಾನು ಟೇಬಲ್ ಹತ್ತಿರ ಕುಳಿತು ಬದಲಿ ಆಟಗಾರರ ಹೆಸರು ಬರೆದುಕೊಳ್ಳುತ್ತಿದ್ದೆ. ಸೆಮಿಫೈನಲ್‌ನಲ್ಲಿ ಪೆನಾಲ್ಟಿ ಸಿಕ್ಕಿತು, ಎದುರು ತಂಡದ ಗೋಲಿ ಎಡಕ್ಕೆ ಹಾರಿ ತಡೆದ. ಗೋಲಿನ ಹಿಂದೆ ಸುಣ್ಣದ ಗೆರೆಗೆ ಅಂಟಿಕೊಂಡು ನಿಂತಿದ್ದ ಒಬ್ಬ ಹುಡುಗ ಆ ಗೋಲಿಗೆ ತಾಯಿ ತಂಗಿ ಎಲ್ಲ ಸೇರಿಸಿ ಬೈದ, ಕೈಯಲ್ಲಿದ್ದ ನೀರಿನ ಪ್ಯಾಕೆಟ್ ಎಸೆದ. ಅದು ಗೋಲಿಯ ಕುತ್ತಿಗೆಗೆ ಬಿದ್ದು ಒಡೆಯಿತು. ರೆಫರಿ ಸೀಟಿ ಊದಿ ಆಟ ನಿಲ್ಲಿಸಿದರು. ಸಂಘಟಕರು ಹುಡುಗನ ರಟ್ಟೆ ಹಿಡಿದು ಹೊರಗೆ ಹಾಕಿದರು, ಟೂರ್ನಿ ಮುಗಿಯುವವರೆಗೆ ಈ ಕಡೆ ತಲೆ ಹಾಕಬೇಡ ಅಂದರು. ಮ್ಯಾಚ್ ಮುಗಿದ ಮೇಲೆ ಗೇಟಿನ ಹತ್ತಿರ ಅವನೇ ಗೋಲಿಯ ಕೈ ಹಿಡಿದು ತಪ್ಪಾಯ್ತು ಅಂದ. ಅಲ್ಲಿಗೆ ಮುಗೀಬೇಕಿತ್ತು, ಅಲ್ವಾ?

ಮುಗಿಯಲಿಲ್ಲ. ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಬೈದದ್ದು ಇತ್ತು, ಎಸೆದದ್ದು ಇತ್ತು. ಕೈ ಹಿಡಿದು ತಪ್ಪಾಯ್ತು ಅಂದದ್ದು ಇರಲಿಲ್ಲ, ಅದನ್ನು ಯಾರು ನೋಡ್ತಾರೆ. ಸಂಜೆ ಚಹಾದ ಹೊತ್ತಿಗೆ ಕ್ಲಿಪ್ ಓಣಿಯ ಗ್ರೂಪಿಗೆ, ಹಳೆ ವಿದ್ಯಾರ್ಥಿಗಳ ಗ್ರೂಪಿಗೆ, ಕೊನೆಗೆ ತೊಗರಿ, ಸೋಯಾ ರೇಟ್ ಹಾಕುವ ಗ್ರೂಪಿಗೂ ಬಂತು. ಮೊದಲು 'ಯಾರಿವನು?' ಅಂತ ಕೇಳಿದರು. ಆಮೇಲೆ ಹೆಸರು ಬಂತು, ಅಪ್ಪನ ಹೆಸರು ಬಂತು, ಅವನು ಕೆಲಸ ಮಾಡುವ ಮೊಬೈಲ್ ರಿಪೇರಿ ಅಂಗಡಿಯ ಬೋರ್ಡಿನ ಫೋಟೊ ಬಂತು. ಆ ಅಂಗಡಿಯ ಮೆಟ್ಟಿಲು ಹತ್ತದವರೆಲ್ಲ ಗೂಗಲ್‌ನಲ್ಲಿ ಒಂದೊಂದು ಸ್ಟಾರ್ ಕೊಟ್ಟರು. ಒಬ್ಬ ಮಹಾಶಯ ಹುಡುಗನ ತಂಗಿಯ ಫೋಟೊ ಹುಡುಕಿ ತೆಗೆದು 'ಇವಳಿಗೂ ಹಿಂಗೇ ಬೈದರೆ ಹೆಂಗಿರ್ತದ' ಅಂತ ಹಾಕಿದ, ಕೆಳಗೆ ಸಾಲಾಗಿ ನಗುವ ಎಮೋಜಿಗಳು. ಆ ಹುಡುಗಿ ಮ್ಯಾಚ್ ನೋಡಲಿಕ್ಕೂ ಬಂದಿರಲಿಲ್ಲ. ಗೋಲಿಯ ತಂಗಿಯನ್ನು ಬೈದ ಅಂತ ಸಿಟ್ಟಿಗೆದ್ದ ಜನ ಇವನ ತಂಗಿಯನ್ನು ಬೀದಿಗೆ ತಂದರು.

ಇನ್ನೊಂದು ಮಾತು ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ಹುಡುಗನ ಹೆಸರು ಗೊತ್ತಾದ ಮೇಲೆ ಮಾತು ಫುಟ್ಬಾಲ್‌ನಲ್ಲಿ ಉಳಿಯಲಿಲ್ಲ. 'ಇವರೇ ಹಿಂಗೆ' ಅಂತ ಶುರುವಾಯಿತು. ಯಾವ 'ಇವರು' ಅಂತ ನಾನು ಹೇಳುವುದಿಲ್ಲ. ಹೆಸರು ಬೇರೆ ಇದ್ದಿದ್ದರೆ ಆ ಕಡೆಯಿಂದ ಅದೇ ಮಾತು ಬರುತ್ತಿತ್ತು, ಬೀದರ್‌ನಲ್ಲಿ ಇರುವ ಎಲ್ಲರಿಗೂ ಇದು ಗೊತ್ತು. ಮೈದಾನದಲ್ಲಿ ಎರಡೂ ತಂಡಗಳಲ್ಲಿ ಎಲ್ಲ ಓಣಿಯ ಹುಡುಗರೂ ಇದ್ದರು, ಒಂದೇ ಬಾಟಲಿಯಲ್ಲಿ ನೀರು ಕುಡಿದರು. ಗ್ರೂಪಿನಲ್ಲಿ ಮಾತ್ರ ಅವರು ಬೇರೆ ಬೇರೆ ಆದರು.

ಅಂಗಡಿ ಮಾಲೀಕರು ಹುಡುಗನಿಗೆ 'ಸ್ವಲ್ಪ ದಿನ ಬರಬೇಡ' ಅಂದರು. ಅವರನ್ನೂ ದೂರಲಾರೆ, ದಿನವಿಡೀ ಫೋನ್ ಬಂದರೆ ಪಾಪ ಅವರಾದರೂ ಏನು ಮಾಡಬೇಕು. ಗೋಲಿಯನ್ನು ಮಾತಾಡಿಸಿದಾಗ ಅವನಿಗೆ ಬೇಜಾರಿದ್ದದ್ದು ಬೇರೆ ವಿಷಯಕ್ಕೆ. 'ಪೆನಾಲ್ಟಿ ಹಿಡಿದಿದ್ದು ಯಾರೂ ಕೇಳವಲ್ರು ಸರ, ಪ್ಯಾಕೆಟ್ ಬಿದ್ದದ್ದೇ ಕೇಳ್ತಾರ' ಅಂದ.

ಇದು ನಮ್ಮ ಊರಿಗಷ್ಟೇ ಬಂದ ರೋಗ ಅಲ್ಲ. 2025ರ ಜನವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಈಗಲ್ಸ್ ಮತ್ತು ಗ್ರೀನ್ ಬೇ ಪ್ಯಾಕರ್ಸ್ ಪಂದ್ಯ ಇತ್ತು. ಅದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರ ಫುಟ್ಬಾಲ್, ನಮ್ಮದಲ್ಲ. ಈಗಲ್ಸ್ ಅಭಿಮಾನಿಯೊಬ್ಬ ಎದುರು ತಂಡದ ಜೆರ್ಸಿ ಹಾಕಿದ್ದ ಹೆಣ್ಣುಮಗಳಿಗೆ, ಬರೆಯಲಾಗದ ಮಾತಿನಲ್ಲಿ ಬೈದ. ಜೊತೆಗಿದ್ದ ಅವಳ ಸಂಗಾತಿ ವಿಡಿಯೊ ಮಾಡಿ ಹಾಕಿದ. ಲಕ್ಷಗಟ್ಟಲೆ ಜನ ನೋಡಿದರು, ಎರಡು ಮೂರು ದಿನದಲ್ಲಿ ಬೈದವನ ಹೆಸರು, ಕಂಪನಿ ಎಲ್ಲ ಹೊರಗೆ ಬಂತು, ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು. ಅವನು ಕ್ಷಮೆ ಕೇಳಿದ. ನಮ್ಮ ಹುಡುಗರೂ ಇಲ್ಲಿ ಕೂತು ಆ ವಿಡಿಯೊ ನೋಡಿದರು, ನನಗೇ ಮೂರು ಕಡೆಯಿಂದ ಬಂತು.

ಆ ವಿಡಿಯೊದಲ್ಲಿ ನನ್ನ ಕಣ್ಣು ಹೋದದ್ದು ಸುತ್ತಲಿನ ಸೀಟುಗಳಿಗೆ. ಅಷ್ಟು ಜನ ಕೂತಿದ್ದಾರೆ, ಬೈದವನಿಗೆ ಗದರಿಸಿ 'ಏ, ಸುಮ್ನೆ ಕೂಡು' ಅಂದು ಕೂರಿಸುವವರು ಯಾರೂ ಕಾಣಲಿಲ್ಲ. ಪಕ್ಕದಲ್ಲಿ ಇದ್ದವರು ಬಾಯಿ ಬಿಡಲಿಲ್ಲ, ಸಾವಿರಾರು ಮೈಲಿ ದೂರ ಇದ್ದವರು ಬಾಯಿ ಮುಚ್ಚಲಿಲ್ಲ. ನಮ್ಮ ಮೈದಾನಗಳಲ್ಲೂ ಇದೇ ಕತೆ. ಹೆಣ್ಣುಮಕ್ಕಳು ಮ್ಯಾಚ್ ನೋಡಲಿಕ್ಕೆ ಬರುವುದಿಲ್ಲ ಅಂತ ಸಂಘಟಕರು ಗೊಣಗುತ್ತಾರೆ, ಬಂದರೆ ಕಿವಿಗೆ ಏನು ಬೀಳುತ್ತದೆ ಅಂತ ಅವರಿಗೇ ಗೊತ್ತು. ಅದನ್ನು ಅಲ್ಲೇ, ಆ ಕ್ಷಣದಲ್ಲೇ ತಡೆಯಬೇಕು. ಅದಕ್ಕೆ ಧೈರ್ಯ ಬೇಕು. ಫಾರ್ವರ್ಡ್ ಮಾಡಲಿಕ್ಕೆ ಬೆರಳು ಸಾಕು.

ಹಾಗಂತ ವಿಡಿಯೊ ಮಾಡಲೇಬಾರದಾ? ಮಾಡಬೇಕು. 2015ರ ಫೆಬ್ರುವರಿಯಲ್ಲಿ ಪ್ಯಾರಿಸ್ ಮೆಟ್ರೊದಲ್ಲಿ ಲಂಡನ್‌ನ ಚೆಲ್ಸಿ ಫುಟ್ಬಾಲ್ ತಂಡದ ಕೆಲವು ಅಭಿಮಾನಿಗಳು ಕಪ್ಪು ಬಣ್ಣದವರೊಬ್ಬರನ್ನು ರೈಲು ಹತ್ತಲು ಬಿಡದೆ ದಬ್ಬಿದರು, ಮೇಲಿಂದ ಹೆಮ್ಮೆಯಿಂದ ಜನಾಂಗ ದ್ವೇಷದ ಹಾಡು ಹೇಳಿದರು. ಅಲ್ಲಿದ್ದ ಒಬ್ಬರು ತೆಗೆದ ವಿಡಿಯೊ ಇಲ್ಲದಿದ್ದರೆ ಅವರು ಸಿಗುತ್ತಲೇ ಇರಲಿಲ್ಲ. ಲಂಡನ್‌ನ ಕೋರ್ಟ್ ಅವರಲ್ಲಿ ಕೆಲವರಿಗೆ ಐದು ವರ್ಷದವರೆಗೆ ಫುಟ್ಬಾಲ್ ಪಂದ್ಯಗಳಿಗೆ ಹೋಗದಂತೆ ನಿಷೇಧ ಹಾಕಿತು. ಮುಂದೆ ಪ್ಯಾರಿಸ್ ಕೋರ್ಟಿನಲ್ಲೂ ಶಿಕ್ಷೆ ಆಯಿತು. ವಿಡಿಯೊ ಸಾಕ್ಷಿಯಾಗಿ ಹೋಗಬೇಕಾದ ಕಡೆ ಹೋದರೆ ಹೀಗೆ ಕೆಲಸಕ್ಕೆ ಬರುತ್ತದೆ.

ನಾನು ವರ್ಷಗಟ್ಟಲೆ ಮಕ್ಕಳಿಗೆ ಆಟ ಕಲಿಸಿದವನು. ಫುಟ್ಬಾಲ್‌ನಲ್ಲಿ ನನಗೆ ತುಂಬ ಹಿಡಿಸುವುದು ಶಿಕ್ಷೆಯ ಲೆಕ್ಕ. 1970ರ ಮೆಕ್ಸಿಕೊ ವಿಶ್ವಕಪ್‌ನಿಂದ ಹಳದಿ, ಕೆಂಪು ಕಾರ್ಡ್ ಬಂದವು. ಹಳದಿ ಅಂದ್ರೆ ಎಚ್ಚರಿಕೆ, ಎರಡು ಹಳದಿ ಅಂದ್ರೆ ಹೊರಗೆ. ಕೆಂಪು ಸಿಕ್ಕರೆ ಈ ಆಟವೂ ಹೋಯಿತು, ಮುಂದಿನ ಆಟವೂ ಹೋಯಿತು. ಅದಾದ ಮೇಲೆ ಮತ್ತೆ ಬೂಟು ಕಟ್ಟಿಕೊಂಡು ಬರಬಹುದು. ಕಾರ್ಡ್ ತೋರಿಸುವವರು ಒಬ್ಬರೇ, ಗ್ಯಾಲರಿಯಲ್ಲಿ ಕೂತವರೆಲ್ಲ ಜೇಬಿನಿಂದ ಒಂದೊಂದು ಕಾರ್ಡ್ ತೆಗೆದು ತೋರಿಸುವ ಹಾಗಿಲ್ಲ.

ಪ್ರೇಕ್ಷಕನಿಗೂ ಈ ಲೆಕ್ಕ ಇದೆ. 1995ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಎರಿಕ್ ಕ್ಯಾಂಟೊನಾ ಕೆಂಪು ಕಾರ್ಡ್ ಸಿಕ್ಕಿ ಹೊರಗೆ ನಡೆಯುತ್ತಿದ್ದಾಗ ಕ್ರಿಸ್ಟಲ್ ಪ್ಯಾಲೇಸ್ ತಂಡದ ಅಭಿಮಾನಿಯೊಬ್ಬ ಮುಂದೆ ಓಡಿ ಬಂದು ಬೈದ. ಕ್ಯಾಂಟೊನಾ ಬೇಲಿ ಮೇಲಿಂದ ಹಾರಿ ಎದೆಗೆ ಒದ್ದರು. ಆ ಫೋಟೊ ಫುಟ್ಬಾಲ್ ನೋಡುವವರೆಲ್ಲ ನೋಡಿರುತ್ತಾರೆ. ಕ್ಯಾಂಟೊನಾ ಸೆಪ್ಟೆಂಬರ್ ಕೊನೆಯವರೆಗೆ ಆಡುವಂತಿರಲಿಲ್ಲ, ಜೊತೆಗೆ ಕೋರ್ಟ್ 120 ಗಂಟೆ ಸಮಾಜ ಸೇವೆ ಮಾಡಿಸಿತು. ಅವರು ಆ ಗಂಟೆಗಳಲ್ಲಿ ಮಕ್ಕಳಿಗೆ ಫುಟ್ಬಾಲ್ ಹೇಳಿಕೊಟ್ಟರು. ಬೈದವನಿಗೂ ದಂಡ ಬಿತ್ತು, ಒಂದು ವರ್ಷ ಮೈದಾನಕ್ಕೆ ಕಾಲಿಡುವಂತಿಲ್ಲ ಅಂತ ಆಯಿತು. ಇಂಗ್ಲೆಂಡಿನಲ್ಲಿ ಈಗ ಇಂಥ ನಿಷೇಧ ಕನಿಷ್ಠ 3 ವರ್ಷ, ಹೆಚ್ಚೆಂದರೆ 10 ವರ್ಷ. 2022ರಿಂದ ಆನ್‌ಲೈನ್‌ನಲ್ಲಿ ಆಟಗಾರರಿಗೆ ಜನಾಂಗೀಯವಾಗಿ ಬೈದವರಿಗೂ ಇದನ್ನು ಹಾಕಬಹುದು. ಕಡಿಮೆ ಶಿಕ್ಷೆಯೇನಲ್ಲ. ಆದರೆ ಶುರುವಾದ ತಾರೀಖು ಇದೆ, ಮುಗಿಯುವ ತಾರೀಖೂ ಇದೆ, ಆರೋಪಿಯ ಮಾತು ಕೇಳುವ ಒಬ್ಬ ಜಡ್ಜ್ ಇದ್ದಾರೆ. ನಮ್ಮ ಊರಿನ ಹುಡುಗನಿಗೆ ಮುಗಿಯುವ ತಾರೀಖು ಯಾವುದು? ನಾಳೆ ಅವನಿಗೆ ಹೆಣ್ಣು ನೋಡಲಿಕ್ಕೆ ಹೋದಾಗ ಆ ಮನೆಯವರ ಮೊಬೈಲಿನಲ್ಲೂ ಆ ಕ್ಲಿಪ್ ಇರುತ್ತದೆ.

ಸರಿಯಾದ ಮನುಷ್ಯನೇ ಸಿಗುತ್ತಾನೆ ಅನ್ನುವ ಗ್ಯಾರಂಟಿಯೂ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಮಯಾಮಿಯ ಬೇಸ್‌ಬಾಲ್ ಪಂದ್ಯವೊಂದರಲ್ಲಿ, ಮಗನಿಗೆ ಅಪ್ಪ ತಂದುಕೊಟ್ಟ ಚೆಂಡನ್ನು ಒಬ್ಬ ಹೆಂಗಸು ಜಗಳ ಮಾಡಿ ಇಸಿದುಕೊಂಡರು. ಇಂಟರ್ನೆಟ್ ಪತ್ತೇದಾರರು ಸಂಬಂಧವೇ ಇಲ್ಲದ ಹೆಂಗಸರನ್ನು ಹಿಡಿದುಕೊಂಡು ಬೈದರು. ಒಂದು ಶಾಲಾ ಆಡಳಿತವಂತೂ 'ಆಕೆ ನಮ್ಮ ಸಿಬ್ಬಂದಿ ಅಲ್ಲವೇ ಅಲ್ಲ' ಅಂತ ಪ್ರಕಟಣೆ ಕೊಡಬೇಕಾಯಿತು. ಓದುವಾಗ ನಗು ಬರುತ್ತದೆ. ಬೀದರ್‌ನವರಿಗೆ ಜಾಸ್ತಿ ಹೊತ್ತು ನಗಲಿಕ್ಕೆ ಆಗುವುದಿಲ್ಲ. 2018ರ ಜುಲೈನಲ್ಲಿ ಔರಾದ್ ಕಡೆಯ ಮುರ್ಕಿಯಲ್ಲಿ ಏನಾಯಿತು ಅಂತ ಮರೆತಿಲ್ಲ. ಹೈದರಾಬಾದಿನಿಂದ ಬಂದ ಗೆಳೆಯರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು, ಮಕ್ಕಳ ಕಳ್ಳರು ಅಂತ ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಹಬ್ಬಿತು, ಅವರ ಕಾರು ಮುಂದಿನ ಊರಿಗೆ ಬರುವ ಮೊದಲೇ ಮೆಸೇಜ್ ಬಂದು ಜನ ಸೇರಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಜೀವ ಹೋಯಿತು. ಒಂದು ಮೆಸೇಜನ್ನು ಒಮ್ಮೆಗೆ ಐದು ಚಾಟ್‌ಗಳಿಗಿಂತ ಜಾಸ್ತಿ ಕಳಿಸಲಾಗದಂತೆ ಭಾರತದಲ್ಲಿ ಮಿತಿ ಹಾಕುತ್ತೇವೆ ಅಂತ ವಾಟ್ಸ್‌ಆ್ಯಪ್ ಹೇಳಿದ್ದು ಅದೇ ತಿಂಗಳು. ನೀರಿನ ಪ್ಯಾಕೆಟ್ ಎಸೆದದ್ದಕ್ಕೂ ಅದಕ್ಕೂ ಹೋಲಿಕೆ ಎಲ್ಲಿ ಅಂತ ಕೇಳಬಹುದು. ಘಟನೆಗೆ ಹೋಲಿಕೆ ಇಲ್ಲ. 'ಯಾರಿವನು, ಹಿಡೀರಿ' ಅನ್ನುವ ಮೆಸೇಜಿಗೆ ಇದೆ.

ಇನ್ನು ಈ ಬೈಗುಳ ಯಾವಾಗಲೂ ಸಣ್ಣವರ ತಲೆ ಮೇಲೇ ಬೀಳುತ್ತದೆ. 2025ರ ಡಿಸೆಂಬರ್ 13ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂಗೆ ಮೆಸ್ಸಿ ಬಂದು ಸ್ವಲ್ಪ ಹೊತ್ತಿನಲ್ಲೇ ಹೊರಟುಹೋದರು. ಸಾವಿರಾರು ರೂಪಾಯಿ ಕೊಟ್ಟ ಜನಕ್ಕೆ ಕಂಡದ್ದು ಮೆಸ್ಸಿ ಸುತ್ತ ಮುತ್ತಿಕೊಂಡಿದ್ದ ದೊಡ್ಡವರ ಬೆನ್ನು. ಕುರ್ಚಿ, ಬಾಟಲಿ ಹಾರಿದವು. ಸಂಘಟಕನ ಬಂಧನವೂ ಆಯಿತು. ಆದರೆ ನಮ್ಮ ಫೋನುಗಳಲ್ಲಿ ಓಡಾಡಿದ್ದು ಯಾರ ಮುಖ? ದುಡ್ಡು ದಂಡ ಆಯ್ತು ಅಂತ ಸ್ಟೇಡಿಯಂನ ಕಾರ್ಪೆಟ್ ಸುತ್ತಿ ಹೆಗಲ ಮೇಲಿಟ್ಟುಕೊಂಡು ಹೊರಟ ಅಭಿಮಾನಿಯದು. ಕಾರ್ಪೆಟ್ ಒಯ್ದದ್ದು ತಪ್ಪೇ. ನನಗೂ ನಗು ಬಂತು, ಇಲ್ಲ ಅನ್ನಲಾರೆ.

ಈಗ ನಿಮ್ಮ ಕಡೆ ಬರುತ್ತೇನೆ ಸಂಪಾದಕರೇ, ಬೇಜಾರು ಮಾಡಿಕೊಳ್ಳಬೇಡಿ. ಪತ್ರಿಕೆಗಳ ಆನ್‌ಲೈನ್ ಪುಟಗಳಲ್ಲಿ ದಿನಾ 'ನೆಟ್ಟಿಗರು ಗರಂ', 'ನೆಟ್ಟಿಗರಿಂದ ಹಿಗ್ಗಾಮುಗ್ಗಾ ತರಾಟೆ' ಅಂತ ಸುದ್ದಿ ಬರುತ್ತದೆ. ಒಳಗೆ ನೋಡಿದರೆ ನಾಲ್ಕು ಕಾಮೆಂಟು, ಒಂದು ಸ್ಕ್ರೀನ್‌ಶಾಟು. ವರದಿಗಾರರು ಯಾರಿಗೂ ಫೋನ್ ಮಾಡಿರುವುದಿಲ್ಲ. ನಮ್ಮ ಹುಡುಗನ ವಿಷಯದಲ್ಲೂ ಒಂದು ಸ್ಥಳೀಯ ಸುದ್ದಿ ಪೇಜ್ ಇದನ್ನೇ ಮಾಡಿತು, ಮುಖವನ್ನೂ ಮಸುಕು ಮಾಡಲಿಲ್ಲ. ಹುಡುಗ ಕ್ಷಮೆ ಕೇಳಿದ್ದಾನೆ, ಅದನ್ನಾದರೂ ಸೇರಿಸ್ರಪ್ಪಾ ಅಂತ ನಾನೇ ಫೋನ್ ಮಾಡಿ ಹೇಳಿದೆ. 'ನೋಡ್ತೀವ್ರಿ ಸರ' ಅಂದರು. ಪೋಸ್ಟ್ ಇನ್ನೂ ಹಾಗೇ ಇದೆ. ಇಂಥ ಸುದ್ದಿ ಹಾಕಲೇಬೇಕು ಅಂದ್ರೆ ಆಗಿದ್ದನ್ನು ಹಾಕಿ, ಸಂಘಟಕರು ಏನು ಕ್ರಮ ತೆಗೆದುಕೊಂಡರು ಅಂತ ಹಾಕಿ. ಕೇಸ್ ಆಗದವನ ಹೆಸರು, ಅವನ ಅಂಗಡಿ, ಮನೆಯವರು ಓದುಗರಿಗೆ ಯಾಕೆ ಬೇಕು?

ಮೈದಾನಕ್ಕೆ ಬರುವ ಅರ್ಧಕ್ಕರ್ಧ ಹುಡುಗರಿಗೆ ಹದಿನೆಂಟು ತುಂಬಿರುವುದಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ, ಕಾನೂನಿನ ಜೊತೆ ಸಂಘರ್ಷಕ್ಕೆ ಬಂದ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ ಯಾವುದನ್ನೂ ಪ್ರಕಟಿಸುವಂತಿಲ್ಲ. ಪೇಪರಿಗೂ ಅದೇ, ಬೇರೆ ಮಾಧ್ಯಮಕ್ಕೂ ಅದೇ. ನಿಮ್ಮ ವರದಿಗಾರರಿಗೆ ಇದು ಗೊತ್ತು. ಪೇಜ್ ನಡೆಸುವ ಹುಡುಗರಿಗೆ, ಗ್ರೂಪ್ ಅಡ್ಮಿನ್‌ಗಳಿಗೆ ಗೊತ್ತಿಲ್ಲ. ಒಂದು ದಿನ ಇದನ್ನೇ ಎದ್ದು ಕಾಣುವ ಹಾಗೆ ಹಾಕಿ.

ಟೂರ್ನಿ ನಡೆಸುವವರಿಗೂ ಒಂದು ಮಾತು. ಶಾಮಿಯಾನಕ್ಕೆ, ಟ್ರೋಫಿಗೆ, ಅತಿಥಿಗಳ ಶಾಲಿಗೆ ದುಡ್ಡು ಹೊಂದಿಸುತ್ತೀರಿ. ಗೋಲಿನ ಹಿಂದೆ ಒಂದು ಹಗ್ಗ ಕಟ್ಟಿಸಿ, ಇಬ್ಬರು ಸ್ವಯಂಸೇವಕರನ್ನು ನಿಲ್ಲಿಸಿ. ಬೈದರೆ ಹೊರಗೆ, ಎಸೆದರೆ ಟೂರ್ನಿ ಮುಗಿಯುವವರೆಗೆ ಹೊರಗೆ ಅಂತ ಮೊದಲೇ ಮೈಕಿನಲ್ಲಿ ಹೇಳಿ. ಯಾರಾದರೂ ವಿಡಿಯೊ ಮಾಡಿದ್ದರೆ ಟೇಬಲ್‌ಗೆ ತಂದು ತೋರಿಸಿ ಅನ್ನಿ, ಹೊಡೆದಾಟ ಆಗಿದ್ದರೆ ಅದನ್ನು ಪೊಲೀಸರಿಗೆ ಕೊಡಿ. ದೊಡ್ಡ ಪಂದ್ಯಗಳಲ್ಲಿ ಪ್ರೇಕ್ಷಕರು ಜನಾಂಗೀಯವಾಗಿ ಬೈದರೆ ರೆಫರಿ ಮೊದಲು ಆಟ ನಿಲ್ಲಿಸಿ ಘೋಷಣೆ ಮಾಡಿಸುತ್ತಾರೆ, ಮುಂದುವರಿದರೆ ಆಟಗಾರರನ್ನು ಒಳಗೆ ಕಳಿಸುತ್ತಾರೆ, ಆಗಲೂ ನಿಲ್ಲದಿದ್ದರೆ ಪಂದ್ಯವನ್ನೇ ಕೈಬಿಡುತ್ತಾರೆ. ಬೀದರ್‌ನಲ್ಲೂ ಇದನ್ನು ಮಾಡಲಿಕ್ಕೆ ದುಡ್ಡೇನೂ ಬೇಕಾಗಿಲ್ಲ.

ದಯವಿಟ್ಟು ನನ್ನ ಹೆಸರು ಹಾಕಬೇಡಿ. ಅಂಜಿಕೆ ಏನಿಲ್ಲ, ನನ್ನ ಹೆಸರು ನೋಡಿದರೆ ಟೂರ್ನಿ ಯಾವುದು, ಹುಡುಗ ಯಾರು ಅಂತ ಊರಿನವರಿಗೆ ಗೊತ್ತಾಗಿಬಿಡುತ್ತದೆ.

— ನಿವೃತ್ತ ದೈಹಿಕ ಶಿಕ್ಷಕ, ಬೀದರ್ ಜಿಲ್ಲೆ